ರೂಟರಿಗೆ ಕಟ್ಟಿದ ತೆನೆ

ಆ ಮನೆಯಲ್ಲಿ ದುಗ್ಗಪ್ಪನವರು ತೆನೆ ಕಟ್ಟದೆ ಬಿಟ್ಟದ್ದು ಅವರ ಹೆಂಡತಿ ಮುದ್ದುವಿಗೆ ಮಾತ್ರ. ಅದೂ ಆಕೆ ಬೇಡ ಎಂದು ಕಣ್ಣು ಬಿಟ್ಟದ್ದಕ್ಕೆ. ಉಳಿದಂತೆ ಬಾಗಿಲು, ಫ್ರಿಜ್ಜು, ಗ್ರೈಂಡರು, ವಾಷಿಂಗ್ ಮೆಷೀನು, ಟಿವಿ, ಇನ್ವರ್ಟರು, ಮಗ ದೀಪೇಶನ ಬೈಕು, ಕೊನೆಗೆ ಬಚ್ಚಲಿನ ಗೀಸರಿನ ಪೈಪು ಕೂಡ ಅವರ ಕೈಯಿಂದ ತಪ್ಪಿಸಿಕೊಂಡಿರಲಿಲ್ಲ.

ಹೊಸ ಭತ್ತದ ತೆನೆಯನ್ನು ಮಾವು, ಹಲಸು, ಬಿದಿರಿನ ಎಲೆಗಳಲ್ಲಿ ಸುತ್ತಿ, ನಾರಿನಿಂದ ಬಿಗಿದು, ಬಾಗಿಲಿಗೆ, ಬಾವಿಗೆ, ನೇಗಿಲಿಗೆ ಕಟ್ಟುವುದು ತುಳುನಾಡಿನ ಕ್ರಮ. ಅನ್ನ ಕೊಡುವ ವಸ್ತುಗಳಿಗೆಲ್ಲ ಒಂದೊಂದು. ಕಟ್ಟುವಾಗ "ಪೊಲಿ, ಪೊಲಿ" ಎನ್ನಬೇಕು, ಹೆಚ್ಚಲಿ, ಹೆಚ್ಚಲಿ ಎಂದು. ದುಗ್ಗಪ್ಪನವರ ಗದ್ದೆ ಹೋಗಿ, ಬೋಳಾರದಲ್ಲಿ ಎರಡನೇ ಮಹಡಿಯ ಫ್ಲ್ಯಾಟು ಬಂದು ಹದಿನಾಲ್ಕು ವರ್ಷವಾಗಿತ್ತು. ಬಾವಿಯ ಜಾಗದಲ್ಲಿ ನಲ್ಲಿ, ನೇಗಿಲಿನ ಜಾಗದಲ್ಲಿ ಏನೂ ಇಲ್ಲ. ಆದರೂ ವರ್ಷಕ್ಕೊಮ್ಮೆ ಅವರು ತಮ್ಮ ದೊಡ್ಡಪ್ಪನ ಮಗಳು ಬಾಗಿಯ ಗದ್ದೆಗೆ ಬಸ್ಸು ಹತ್ತಿ ಹೋಗಿ, ಒಂದು ಚೀಲ ತೆನೆ ಮತ್ತು ಎಲೆ ಹೊತ್ತು ತಂದು, ಸ್ನಾನ ಮಾಡಿ, ಬಿಳಿ ಪಂಚೆ ಉಟ್ಟು, ಮನೆಯಿಡೀ ಸುತ್ತುತ್ತಿದ್ದರು. ಟಿವಿಯ ರಿಮೋಟು ಮುದ್ದುವಿನ ಕೈಯಲ್ಲಿ, ಅಡುಗೆಯ ಲೆಕ್ಕಾಚಾರ ಸೊಸೆಯ ಕೈಯಲ್ಲಿ, ಪೇಪರು ದೀಪೇಶ ಬಚ್ಚಲಿಗೆ ಒಯ್ದು ಒದ್ದೆ ಮಾಡಿ ತಂದ ಮೇಲೆ ಇವರ ಕೈಗೆ. ಹೀಗಿರುವಾಗ ವರ್ಷದಲ್ಲಿ ಅವರು ಯಜಮಾನರಾಗುತ್ತಿದ್ದದ್ದು ಆ ಒಂದು ಬೆಳಗ್ಗೆ ಮಾತ್ರ. ಅದನ್ನು ಬಿಟ್ಟುಕೊಡಲು ಅವರಿಗೇನು ಹುಚ್ಚೇ?

ಸೊಸೆ ಪ್ರಾಪ್ತಿ ಮನೆಯಲ್ಲೇ ಕುಳಿತು ಕೆಲಸ ಮಾಡುವವಳು. ಅಮೆರಿಕದ ಯಾವುದೋ ಆಸ್ಪತ್ರೆಗೆ ಯಾರೋ ಮೆಟ್ಟಿಲಿನಿಂದ ಬಿದ್ದು ಬಂದರೆ, ಬೋಳಾರದಲ್ಲಿ ಕುಳಿತು ವಿಮೆಯವರ ಲೆಕ್ಕಕ್ಕಾಗಿ ಆ ಬೀಳುವಿಕೆಗೆ ಒಂದು ನಂಬರು ಕೊಡುವುದು ಅವಳ ಉದ್ಯೋಗ. ನಾಯಿ ಕಚ್ಚಿದರೆ ಒಂದು ನಂಬರು, ಆಮೆ ಕಚ್ಚಿದರೆ ಬೇರೆ ನಂಬರು. ಆಮೆಯ ವಿಷಯ ಕೇಳಿದ ದಿನದಿಂದ ದುಗ್ಗಪ್ಪನವರಿಗೆ ಅವಳ ಕೆಲಸದ ಮೇಲೆ ಅಪಾರ ಗೌರವ. ಪೇಟೆಯಲ್ಲಿ ಸಿಕ್ಕಿದವರಿಗೆಲ್ಲ ಆಮೆಯ ಕತೆ ಹೇಳುತ್ತಿದ್ದರು. ದೀಪೇಶನ ಟಯರ್ ಅಂಗಡಿ ಎರಡು ವರ್ಷದಿಂದ ಕುಂಟುತ್ತಿತ್ತು. ಮನೆಗೆ ಅಕ್ಕಿ ಬರುವುದು ಈಗ ಯಾವ ದಾರಿಯಾಗಿ ಎಂಬುದು ಮುದುಕನಿಗೆ ಚೆನ್ನಾಗಿ ಗೊತ್ತಿತ್ತು.

ಹಾಗಾಗಿಯೇ ಕಳೆದ ವರ್ಷ ಅವರು ಪ್ರಾಪ್ತಿಯ ರೂಟರಿಗೂ ಒಂದು ತೆನೆ ಕಟ್ಟಿದ್ದರು. ಇಂಟರ್ನೆಟ್ಟು ಬರುವುದು ಅದರಿಂದ, ಅನ್ನ ಬರುವುದು ಇಂಟರ್ನೆಟ್ಟಿನಿಂದ, ಅಂದ ಮೇಲೆ ಈ ಮನೆಯ ನೇಗಿಲು ಅದೇ ಅಲ್ಲವೇ. ಪ್ರಾಪ್ತಿ ನೋಡಿ, "ಮಾವ, ಇದಕ್ಕೆ ಬೇಡ. ಹೊಟ್ಟು ಉದುರಿ ಒಳಗೆ ಹೋಗ್ತದೆ," ಎಂದಿದ್ದಳು. ಮರುದಿನ ನೋಡಿದರೆ ರೂಟರಿನ ಮೇಲೆ ತೆನೆ ಇರಲಿಲ್ಲ. ದುಗ್ಗಪ್ಪನವರು ಕನ್ನಡಕ ಹುಡುಕುವ ನೆಪದಲ್ಲಿ ಕಸದ ಬುಟ್ಟಿ ಇಣುಕಿದರು. ಅದು ಖಾಲಿ. ಪಾಲಿಕೆಯ ಕಸದ ಗಾಡಿ ಆಗಲೇ ಬಂದು ಹೋಗಿತ್ತು. ತೆನೆಯನ್ನು ಕಸಕ್ಕೆ ಹಾಕಿದಳು ಎಂಬ ನೋವು ಅವರ ಹೊಟ್ಟೆಯೊಳಗೆ ಕುಳಿತುಬಿಟ್ಟಿತು. ಅವರು ಅದನ್ನು ಯಾರಿಗೂ ಹೇಳಲಿಲ್ಲ, ಅವಳನ್ನು ಕೇಳಲೂ ಇಲ್ಲ. ಒಂದು ವರ್ಷ ಪೂರ್ತಿ ಅವಳು ಕೊಟ್ಟ ಚಹಾ ಕುಡಿಯುತ್ತ, ಆ ನೋವನ್ನೂ ಅದರ ಜೊತೆಗೇ ನುಂಗುತ್ತ ಇದ್ದರು.

ಈ ವರ್ಷ ಪ್ರಾಪ್ತಿ ಮೊದಲೇ ಹೇಳಿದಳು, "ಮಾವ, ಎಲ್ಲಿ ಬೇಕಾದ್ರೂ ಕಟ್ಟಿ. ರೂಟರ್ ಹತ್ತಿರ ಮಾತ್ರ ಬೇಡ." ದುಗ್ಗಪ್ಪನವರು ತಲೆಯಾಡಿಸಿದರು. ತಲೆಯಾಡಿಸುವುದರಲ್ಲಿ ಅವರಷ್ಟು ಉದಾರಿಗಳು ಬೋಳಾರದಲ್ಲಿ ಇನ್ನೊಬ್ಬರಿಲ್ಲ. ರೂಟರು ಮತ್ತು ಅದರ ಪುಟ್ಟ ಬ್ಯಾಟರಿಯನ್ನು ದೀಪೇಶ ಟಿವಿಯಿದ್ದ ಹಾಲ್‌ನ ಗೋಡೆಯಲ್ಲಿ ಒಂದು ಮರದ ಪೆಟ್ಟಿಗೆ ಹೊಡೆದು ಅದರೊಳಗೆ ಇಟ್ಟಿದ್ದ. ಸೊಸೆ ಸ್ನಾನಕ್ಕೆ ಹೋದಾಗ ಇವರು ಪೆಟ್ಟಿಗೆಯ ಬಾಗಿಲು ತೆರೆದು, ರೂಟರಿನ ಹಿಂದೆ, ಯಾರ ಕಣ್ಣಿಗೂ ಬೀಳದಂತೆ ಒಂದು ದಪ್ಪನೆಯ ತೆನೆಯ ಕಟ್ಟನ್ನು ತುರುಕಿ, ಸಣ್ಣ ದನಿಯಲ್ಲಿ "ಪೊಲಿ, ಪೊಲಿ" ಎಂದರು.

ಹತ್ತು ದಿನಕ್ಕೆ ಇಂಟರ್ನೆಟ್ಟು ಕೈಕೊಡಲು ಶುರುವಾಯಿತು.

ಮೊದಲು ಐದು ನಿಮಿಷ, ಆಮೇಲೆ ಅರ್ಧ ಗಂಟೆ. ಅಮೆರಿಕದಲ್ಲಿ ಜನ ಬೀಳುತ್ತಲೇ ಇದ್ದರು, ನಂಬರು ಕೊಡುವವರಿಲ್ಲ. ಪ್ರಾಪ್ತಿಯ ಆಫೀಸಿನ ಮೇಲಿನವಳು ಫೋನು ಮಾಡಿ, ಇನ್ನೊಂದು ಸಲ ಹೀಗಾದರೆ ಮನೆಯಲ್ಲಿ ಕೂರುವುದು ಸಾಕು, ದಿನಾ ಅತ್ತಾವರದ ಆಫೀಸಿಗೇ ಬಾ ಎಂದಳಂತೆ. ಆ ರಾತ್ರಿ ಊಟಕ್ಕೆ ಕುಳಿತಾಗ ದೀಪೇಶ ರೂಟರಿನ ಪೆಟ್ಟಿಗೆಯ ಕಡೆ ನೋಡಿ ಹೇಳಿದ, "ಪೆಟ್ಟಿಗೆ ಹತ್ತಿರ ಇರುವೆ ಓಡಾಡ್ತಾ ಉಂಟು. ಈ ಎಲೆ ಸೊಪ್ಪಿನಲ್ಲೇ ಬಂದದ್ದು ಅಂತ ಕಾಣ್ತದೆ. ಹಾಗಿದ್ರೆ ಅಪ್ಪಾ, ಮುಂದಿನ ವರ್ಷದಿಂದ ತೆನೆ ಬೇಡ. ಬಾಗಿಲಿಗೂ ಬೇಡ."

ಪ್ರಾಪ್ತಿ ಸಾರು ಬಡಿಸಿಕೊಂಡಳು. ಮಾತು ಮಗನದ್ದು, ಬುದ್ಧಿ ಸೊಸೆಯದ್ದು ಎಂದು ದುಗ್ಗಪ್ಪನವರು ತೀರ್ಮಾನಿಸಿದರು. ಗದ್ದೆ ಹೋದಾಗಲೂ ಅವರು ತಟ್ಟೆಯಲ್ಲಿ ಅನ್ನ ಬಿಟ್ಟವರಲ್ಲ, ಆ ದಿನ ಬಿಟ್ಟರು. ಬಾಗಿಲಿಗೂ ಬೇಡ ಎಂದರೆ ಇನ್ನು ತಾನು ಈ ಮನೆಯಲ್ಲಿ ಮಾಡಬೇಕಾದ್ದಾದರೂ ಏನು, ನಲ್ಲಿ ನಿಲ್ಲಿಸುವುದೇ?

ಮರುದಿನ ಎಲ್ಲರೂ ಅವರವರ ಕೆಲಸದಲ್ಲಿದ್ದಾಗ ಅವರು ಪೆಟ್ಟಿಗೆ ತೆರೆದು ತೆನೆಯ ಕಟ್ಟನ್ನು ಹೊರಗೆಳೆದರು. ಹಲಸಿನ ಎಲೆಯ ಮಡಿಕೆಯೊಳಗೆ ಸಣ್ಣ ಕಂದು ಇರುವೆಗಳು ಕಾಲಿಡಲು ಜಾಗವಿಲ್ಲದಷ್ಟು. ಬಿಳಿ ಮೊಟ್ಟೆಗಳ ರಾಶಿ ಬೇರೆ. ಎಳೆಯುವಾಗ ಬಹಳಷ್ಟು ಪೆಟ್ಟಿಗೆಯೊಳಗೇ ಉದುರಿದ್ದವು. ಹೆಚ್ಚಲಿ, ಹೆಚ್ಚಲಿ ಎಂದು ತಾವೇ ಹೇಳಿದ್ದು ಅವರಿಗೆ ನೆನಪಾಯಿತು. ಯಾವತ್ತೂ ತಮ್ಮ ಮಾತು ಕೇಳದ ದೈವಗಳಿಗೆ ಈ ಸಲ ಮಾತ್ರ ಇಷ್ಟು ಚುರುಕಾಗಿ ಕಿವಿ ಕೇಳಿಸಿದ್ದು ಹೇಗೆ ಎಂದು ಸಿಟ್ಟೂ ಬಂತು.

ಸಾಕ್ಷಿ ಉಳಿಸಬಾರದು. ಫ್ರಿಜ್ಜು, ಟಿವಿ, ಗ್ರೈಂಡರು, ಗೀಸರು, ಎಲ್ಲ ಕಡೆಯ ತೆನೆಯನ್ನೂ ಬಿಚ್ಚಿದರು. ಮುಖ್ಯ ಬಾಗಿಲಿನದ್ದನ್ನು ಮಾತ್ರ ಮುಟ್ಟಲಿಲ್ಲ. ಅದು ಮುಂದಿನ ತೆನೆ ಬರುವವರೆಗೆ ಅಲ್ಲೇ ಇರಬೇಕಾದ್ದು. ಆಮೇಲೆ ಇನ್ನೊಂದು ತೊಡಕು. ಪಾಲಿಕೆಯವರು ಹಸಿ ಕಸ ಬೇರೆ, ಒಣ ಕಸ ಬೇರೆ ಮಾಡಿ ಎನ್ನುತ್ತಾರೆ. ತೆನೆ ಹಸಿಯೋ ಒಣಗಿದ್ದೋ? ಅದಕ್ಕಿಂತ ಮೊದಲು, ತೆನೆ ಕಸವೋ? ಸೊಸೆ ಮಾಡಿದ ತಪ್ಪನ್ನು ತಾವೂ ಮಾಡಲು ಮನಸ್ಸಾಗದೆ, ಎಲ್ಲವನ್ನೂ ಪೇಪರಿನಲ್ಲಿ ಸುತ್ತಿ ಕಂಕುಳಲ್ಲಿ ಇಟ್ಟುಕೊಂಡು ನದಿಯ ಕಡೆ ನಡೆದರು. ಹೊಳೆಗೆ ಬಿಟ್ಟು ಕೈಮುಗಿಯುವ ಹೊತ್ತಿಗೆ ಅರ್ಧದಷ್ಟು ಇರುವೆಗಳು ಅಂಗಿಯೊಳಗೆ ಇಳಿದಿದ್ದವು. ದಾರಿಯುದ್ದಕ್ಕೂ ಮೈ ಕೆರೆದುಕೊಳ್ಳುತ್ತ ಬಂದವರನ್ನು ಮುದ್ದು ಬಾಗಿಲಲ್ಲಿ ನಿಂತು ನೋಡಿದಳು.

"ಎಂತ ಆಯಿತು?"

"ಸೆಕೆ," ಎಂದರು.

ಆಕೆ ಫ್ರಿಜ್ಜನ್ನು ನೋಡಿದಳು, ಟಿವಿಯನ್ನು ನೋಡಿದಳು, ಗಂಡನ ಕುತ್ತಿಗೆಯ ಮೇಲೆ ಎದ್ದ ಗಂಧೆಗಳನ್ನು ನೋಡಿದಳು. ನಲವತ್ತೈದು ವರ್ಷದ ಸಂಸಾರದಲ್ಲಿ ಆಕೆ ಕಲಿತ ದೊಡ್ಡ ವಿದ್ಯೆ ಯಾವಾಗ ಏನನ್ನು ಕೇಳಬಾರದು ಎಂಬುದು. ಕೇಳಲಿಲ್ಲ.

ಅಲ್ಲಿಗೆ ಮುಗಿಯಬೇಕಿತ್ತು. ಮಾರನೆಯ ಮಧ್ಯಾಹ್ನ ಇಂಟರ್ನೆಟ್ಟು ಪೂರ್ತಿ ಸತ್ತಿತು. ಸಂಜೆ ಆರಕ್ಕೆ ಪ್ರಾಪ್ತಿಯ ಕೆಲಸದ ಪರಿಶೀಲನೆ, ಅಮೆರಿಕದವರೇ ಕುಳಿತು ನೋಡುವುದು. ಅವಳು ಕೋಣೆಯಲ್ಲಿ ಫೋನು ಹಿಡಿದು ಇಂಟರ್ನೆಟ್ಟಿನ ಲಯನೆಲ್‌ನನ್ನು ಬೇಡುತ್ತಿದ್ದಾಗ ದುಗ್ಗಪ್ಪನವರು ಪೆಟ್ಟಿಗೆಯೊಳಗೆ ಇಣುಕಿದರು. ಬಾಯಲ್ಲಿ ಒಂದೊಂದು ಬಿಳಿ ಮೊಟ್ಟೆ ಹಿಡಿದ ಇರುವೆಗಳ ಸಾಲು ರೂಟರಿನ ಗಾಳಿಕಿಂಡಿಯೊಳಗೆ ಶಿಸ್ತಾಗಿ ಇಳಿಯುತ್ತಿತ್ತು.

ಮೊದಲು ಅರಸಿನ ಹುಡಿ ಹಾಕಿದರು. ಇರುವೆಗಳು ಮದುಮಕ್ಕಳ ಹಾಗೆ ಹಳದಿಯಾಗಿ ಒಳಗೆ ಹೋದವು. ಇರುವೆ ಓಡಿಸುವ ಚಾಕ್‌ಪೀಸಿನಲ್ಲಿ ಗೆರೆ ಎಳೆದರು. ಗೆರೆಯ ಪಕ್ಕದಲ್ಲೇ ಇನ್ನೊಂದು ದಾರಿಯಾಯಿತು. ಕರ್ಪೂರ ಇಟ್ಟರು, ಮನೆ ಪೂರ್ತಿ ದೇವಸ್ಥಾನದ ವಾಸನೆ ಬಂತೇ ಹೊರತು ಬೇರೇನೂ ಆಗಲಿಲ್ಲ. ಆಗ ಅವರಿಗೆ ತಾಯಿಯ ನೆನಪಾಯಿತು. ಹಾಲಿನ ಪಾತ್ರೆಗೆ ಇರುವೆ ಹತ್ತದಂತೆ ಆಕೆ ಅದನ್ನು ನೀರು ತುಂಬಿದ ತಟ್ಟೆಯ ನಡುವೆ ಇಡುತ್ತಿದ್ದಳು. ದುಗ್ಗಪ್ಪನವರು ದೊಡ್ಡ ಹರಿವಾಣಕ್ಕೆ ನೀರು ಹೊಯ್ದು, ನಡುವೆ ಒಂದು ಬಟ್ಟಲು ಕವುಚಿ ಹಾಕಿ, ಅದರ ಮೇಲೆ ರೂಟರನ್ನು ಕೂರಿಸಿದರು. ಹಿಂದೆ ಸರಿದು ನಿಂತು ನೋಡಿದಾಗ ಸ್ವತಃ ತಾವೇ ರೂಟರು ಕಂಡುಹಿಡಿದಷ್ಟು ಸಮಾಧಾನವಾಯಿತು.

"ದಾಟ್ಲಿಕ್ಕೆ ಸಂಕ ನೀವೇ ಇಟ್ಟಿದ್ದೀರಲ್ಲ," ಎಂದಳು ಹಿಂದಿನಿಂದ ಮುದ್ದು.

ರೂಟರಿನಿಂದ ಗೋಡೆಗೆ ಹೋದ ಎರಡು ವಯರುಗಳ ಮೇಲೆ ಇರುವೆಗಳು ನೀರಿಗೆ ಕಾಲು ತಾಗಿಸದೆ ಹೋಗಿ ಬರುತ್ತಿದ್ದವು. ಅಷ್ಟರಲ್ಲಿ ಪ್ರಾಪ್ತಿಯೂ ಹೊರಗೆ ಬಂದಳು. ನೀರಿನ ನಡುವೆ ಅರಸಿನ ಮೆತ್ತಿಕೊಂಡು ಕುಳಿತ ರೂಟರನ್ನು ಸ್ವಲ್ಪ ಹೊತ್ತು ನೋಡಿದಳು.

"ಮಾವ, ಇದಕ್ಕೆ ಮದುವೆ ಮಾಡಿಸ್ತಾ ಇದ್ದೀರಾ?"

"ಬಿಸಿ ಆಗ್ತದಲ್ಲ. ತಂಪಾಗಲಿ ಅಂತ," ಎಂದರು ದುಗ್ಗಪ್ಪನವರು.

ಲಯನೆಲ್ ಬರುವಾಗ ನಾಲ್ಕು ಗಂಟೆ. ಮೊದಲು ಕೇಬಲ್ ಟಿವಿ, ಈಗ ಇಂಟರ್ನೆಟ್ಟು ಎಂದು ಇಪ್ಪತ್ತು ವರ್ಷದಿಂದ ಬೋಳಾರದ ಮನೆಗಳ ಮಾಡು ಹತ್ತಿದ ಮನುಷ್ಯ. ಅವನಿಗೆ ಯಾವುದಕ್ಕೂ ಆಶ್ಚರ್ಯವಾಗುವುದಿಲ್ಲ. ಹರಿವಾಣವನ್ನು ನೋಡಿದ, ಅರಸಿನವನ್ನು ಬೆರಳಿನಿಂದ ಒರೆಸಿದ, ಸ್ವಿಚ್ಚು ಆರಿಸಿ ಸ್ಕ್ರೂ ಬಿಚ್ಚಿದ. ಮುಚ್ಚಳ ತೆಗೆದಾಗ ಒಳಗಿನ ಹಸಿರು ಸರ್ಕ್ಯೂಟ್ ಹಲಗೆ ಕಾಣಿಸಲೇ ಇಲ್ಲ. ಅಷ್ಟು ಇರುವೆ, ಅಷ್ಟು ಮೊಟ್ಟೆ. ಪ್ರಾಪ್ತಿ ಬಾಯಿಗೆ ಕೈ ಹಿಡಿದಳು.

"ನಿನ್ನೆ ಮೊನ್ನೆ ಬಂದು ಕೂತದ್ದು ಇವು," ಎಂದ ಲಯನೆಲ್. "ಬೇರೆ ಎಲ್ಲಿಯೋ ಇತ್ತು ಇವುಗಳ ಮನೆ. ಯಾರೋ ಒಕ್ಕಲೆಬ್ಬಿಸಿದ್ದಾರೆ." ಚಿಮುಟದಲ್ಲಿ ಏನನ್ನೋ ಹೆಕ್ಕಿ ಬೆಳಕಿಗೆ ಹಿಡಿದ. "ಇದು ಭತ್ತ ಅಲ್ವಾ?"

ಮುದ್ದು ಗಂಡನ ಮುಖ ನೋಡಿದಳು. ಪ್ರಾಪ್ತಿ ಮಾವನ ಮುಖ ನೋಡಿದಳು. ಲಯನೆಲ್ ಮೂವರ ಮುಖವನ್ನೂ ನೋಡಿದ.

"ನಮ್ಮ ಕ್ರಿಶ್ಚಿಯನ್ನರಲ್ಲೂ ಮೊಂತಿ ಹಬ್ಬಕ್ಕೆ ಇಗರ್ಜಿಯಿಂದ ತೆನೆ ತರ್ತೇವೆ," ಎಂದ. "ನಾವು ಅದನ್ನು ಹುಡಿ ಮಾಡಿ ಹಾಲಿಗೆ ಹಾಕಿ ಅವತ್ತೇ ಕುಡಿದು ಬಿಡ್ತೇವೆ. ಇರುವೆಗೆ ಚಾನ್ಸೇ ಇಲ್ಲ."

ಇನ್ನು ತಲೆಯಾಡಿಸಿ ಪಾರಾಗುವಂತಿರಲಿಲ್ಲ. ದುಗ್ಗಪ್ಪನವರು ಸೋಫಾದ ತುದಿಯಲ್ಲಿ ಕುಳಿತು ಎಲ್ಲವನ್ನೂ ಹೇಳಿದರು. ಬೇಡ ಎಂದರೂ ತುರುಕಿದ್ದು, ನಿನ್ನೆ ಬಿಚ್ಚಿದ್ದು, ಹೊಳೆಗೆ ಬಿಟ್ಟದ್ದು. ಹೇಳುವಾಗ ಸೊಸೆಯ ಮುಖ ನೋಡಲಿಲ್ಲ, ಟಿವಿಯ ಕಡೆ ನೋಡುತ್ತಿದ್ದರು.

"ಯಾಕೆ ಮಾವ? ಬೇಡ ಅಂತ ಹೇಳಿದ್ದೆ ಅಲ್ವಾ ನಾನು?"

"ಊರಿನಲ್ಲಿ ನೇಗಿಲಿಗೆ ಕಟ್ಟುವುದು," ಎಂದರು. "ಇಲ್ಲಿ ನೇಗಿಲು ಎಲ್ಲುಂಟು? ಈ ಮನೆಗೆ ಅಕ್ಕಿ ಬರುವುದು ನಿನ್ನ ಆ ಡಬ್ಬಿಯಿಂದ. ಫ್ರಿಜ್ಜಿಗೆ ಕಟ್ಟಿ ಅದಕ್ಕೆ ಕಟ್ಟದಿದ್ರೆ ಅದಕ್ಕೆ ಅರ್ಥ ಉಂಟಾ?" ಆಮೇಲೆ, "ಇನ್ನು ಬೇಡ ಬಿಡು. ದೀಪೇಶ ಹೇಳಿದ ಹಾಗೆ ಬಾಗಿಲಿಗೂ ಬೇಡ," ಎಂದರು. ಸುಮ್ಮನೆ ಹೇಳಿದ್ದಲ್ಲ.

ಲಯನೆಲ್ ನಡುವೆ ಬಾಯಿ ಹಾಕಿದ. "ಅಂಕಲ್, ನೀವು ತೆನೆ ಇಟ್ಟದ್ದು ದೊಡ್ಡ ತಪ್ಪಲ್ಲ, ತೆಗೆದದ್ದು ತಪ್ಪು. ಅಲ್ಲಿಯವರೆಗೆ ಇವು ತೆನೆಯಲ್ಲೇ ಇದ್ದವು. ಒಂದೆರಡು ಒಳಗೆ ಹೋಗಿ ಬಂದು ಉಪದ್ರ ಮಾಡ್ತಾ ಇದ್ದವು ಅಷ್ಟೆ. ನೀವು ಮನೆ ಕಿತ್ತ ಮೇಲೆ ಸಂಸಾರ ಸಮೇತ ಇಲ್ಲಿಗೆ ಬಂದವು."

"ಈಗ ಎಂತ ಮಾಡುವುದು?" ಎಂದಳು ಪ್ರಾಪ್ತಿ. "ಆರು ಗಂಟೆಗೆ ನನಗೆ ಲೈನ್ ಬೇಕೇ ಬೇಕು."

ಹೊಸ ರೂಟರು ಸೋಮವಾರದ ಮೊದಲು ಬರುವುದಿಲ್ಲ. ಇರುವೆ ಮದ್ದು ಸಿಂಪಡಿಸಿದರೆ ಹಲಗೆ ಹಾಳು. ಬ್ರಶ್ಶಿನಲ್ಲಿ ಗುಡಿಸಿದರೆ ಮೊಟ್ಟೆ ಸಂದಿಯಲ್ಲಿ ಮೆತ್ತಿಕೊಂಡು ಇನ್ನೂ ಹಾಳು. ಲಯನೆಲ್‌ನ ಪ್ರಕಾರ ದಾರಿ ಒಂದೇ, ಇರುವೆಗಳು ತಾವಾಗಿಯೇ ಹೊರಡಬೇಕು. ರೂಟರು ಈಗ ತಣ್ಣಗಾಗುತ್ತಿದೆ. ಮುಚ್ಚಳವಿಲ್ಲ, ಬೆಳಕು ಬೀಳುತ್ತಿದೆ. ಪಕ್ಕದಲ್ಲಿ ಬಿಸಿಯಾದ, ಕತ್ತಲಾದ, ತಿನ್ನಲಿಕ್ಕೂ ಏನಾದರೂ ಇರುವ ಜಾಗ ಸಿಕ್ಕಿದರೆ ಅವು ಮೊಟ್ಟೆ ಹೊತ್ತು ಅಲ್ಲಿಗೆ ನಡೆಯುತ್ತವೆ.

"ಅಂದ್ರೆ ಒಂದು ತೆನೆ ಕಟ್ಟು ಬೇಕು," ಎಂದ. "ಅವಕ್ಕೆ ಅಭ್ಯಾಸ ಆದದ್ದು ಅದೇ ಅಲ್ವಾ. ಟಿವಿಯ ಸೆಟ್‌ಟಾಪ್ ಬಾಕ್ಸ್ ಬಿಸಿ ಉಂಟು, ಅದರ ಮೇಲೆ ಇಡುವ."

"ನನ್ನ ಸೀರಿಯಲ್?" ಎಂದಳು ಮುದ್ದು.

"ಟಿವಿ ಹಾಕಿಯೇ ಇಡಬೇಕು ಆಂಟಿ. ಬಿಸಿ ಬೇಕಲ್ಲ."

ಮುದ್ದುವಿನ ವಿರೋಧ ಅಲ್ಲಿಗೆ ಮುಗಿಯಿತು. ಆದರೆ ತೆನೆ ಎಲ್ಲಿದೆ? ಮನೆಯ ತೆನೆಯೆಲ್ಲ ಈ ಹೊತ್ತಿಗೆ ಅಳಿವೆ ದಾಟಿ ಅರಬ್ಬಿ ಸಮುದ್ರದಲ್ಲಿತ್ತು. ಉಳಿದದ್ದು ಬಾಗಿಲಿನದ್ದು. ದುಗ್ಗಪ್ಪನವರು ಅದರ ಕಡೆ ನೋಡಿದರು. ಇರುವೆಯ ಹೊಟ್ಟೆಗೆ ಬಾಗಿಲಿನ ತೆನೆ. ಅದು ಹೋದರೆ ಆಮೇಲೆ ಕಟ್ಟಲಿಕ್ಕೆ ಯಾರೂ ಬಿಡುವುದಿಲ್ಲ, ತಮ್ಮ ಕೈಯಿಂದ ಕಟ್ಟಿದ ಕೊನೆಯದ್ದು ಅದೇ. ಏಳಬೇಕು ಎಂದುಕೊಂಡರು, ಸೋಫಾದ ತುದಿಯಲ್ಲೇ ಕುಳಿತರು.

ಮುದ್ದು ಸೊಸೆಯ ಕಡೆ ತಿರುಗಿದಳು. "ನಿನ್ನ ಬ್ಯಾಗಿನಲ್ಲಿ ಒಂದು ಉಂಟಲ್ಲ."

"ಅದು ಆಗುದಿಲ್ಲ ಅತ್ತೆ."

"ಯಾವುದು?" ಎಂದರು ದುಗ್ಗಪ್ಪನವರು.

ಪ್ರಾಪ್ತಿ ಕೋಣೆಗೆ ಹೋಗಿ ಲ್ಯಾಪ್‌ಟಾಪಿನ ಬ್ಯಾಗು ತಂದು, ಒಳಜೇಬಿನಿಂದ ಜಿಪ್ ಇರುವ ಒಂದು ಪ್ಲಾಸ್ಟಿಕ್ ಚೀಲ ತೆಗೆದಳು. ಒಳಗೆ ಒಣಗಿ ಚಿನ್ನದ ಬಣ್ಣಕ್ಕೆ ತಿರುಗಿದ ತೆನೆ, ಮುರುಟಿದ ಮಾವಿನ ಎಲೆ, ದುಗ್ಗಪ್ಪನವರು ಹಾಕುವ ಎರಡು ಸುತ್ತಿನ ಗಂಟು. ಜೊತೆಗೆ ಚಪ್ಪಲಿಯ ಡಬ್ಬಿಯಲ್ಲಿ ಬರುತ್ತದಲ್ಲ, ತೇವ ಹೀರುವ ಆ ಹರಳಿನ ಪೊಟ್ಟಣ, ಅಂಥವು ಮೂರು.

"ಕಳೆದ ವರ್ಷದ್ದು," ಎಂದಳು. "ರೂಟರಿನಿಂದ ತೆಗೆದದ್ದು."

ದುಗ್ಗಪ್ಪನವರು ಚೀಲವನ್ನು ಕೈಗೆ ತೆಗೆದುಕೊಂಡು ತಿರುಗಿಸಿ ತಿರುಗಿಸಿ ನೋಡಿದರು. ಒಂದು ವರ್ಷದಿಂದ ಈ ತೆನೆ ಪಾಲಿಕೆಯ ಗಾಡಿಯಲ್ಲಿ ಹೋಯಿತು ಎಂದು ಅವರು ಒಳಗೊಳಗೇ ಬೇಯುತ್ತಿದ್ದರು. ಆ ವರ್ಷ ಪೂರ್ತಿ ಅದು ಪಕ್ಕದ ಕೋಣೆಯಲ್ಲಿ, ಇವರು ಕಟ್ಟಿದ್ದಕ್ಕಿಂತ ಹೆಚ್ಚು ಜೋಪಾನವಾಗಿ ಇತ್ತು. ಅವರಿಗೆ ತಮ್ಮ ಮೇಲೆಯೇ ನಾಚಿಕೆಯಾಯಿತು. ಆ ನಾಚಿಕೆಯ ಹಿಂದೆಯೇ ಹೇಳಲಾಗದಷ್ಟು ಖುಷಿಯೂ ಆಯಿತು.

"ನೀನು ಬಿಸಾಡಿದ್ದಿ ಅಂತ ನಾನು..."

"ಹೊಟ್ಟು ಉದುರ್ತದೆ ಅಂತ ಹೇಳಿದ್ದು ಮಾವ. ತೆನೆ ಬೇಡ ಅಂತ ಯಾವಾಗ ಹೇಳಿದೆ?"

ಲಯನೆಲ್ ಗಡಿಯಾರ ನೋಡಿದ. "ಸರಿ, ಇದನ್ನೇ ಇಡುವ ಹಾಗಾದ್ರೆ."

"ಇಲ್ಲ," ಎಂದು ಪ್ರಾಪ್ತಿ ಮಾವನ ಕೈಯಿಂದ ಚೀಲ ತೆಗೆದುಕೊಂಡು ಜಿಪ್ ಎಳೆದಳು. "ಇದು ನನ್ನದು. ಇರುವೆಗೆಲ್ಲ ಕೊಡ್ಲಿಕ್ಕೆ ಆಗುದಿಲ್ಲ. ಬಾಗಿಲಿನದ್ದು ತೆಗೀರಿ ಮಾವ. ಬಾಗಿಗೆ ಫೋನ್ ಮಾಡಿ, ನಾಳೆ ಹೋಗಿ ಹೊಸದು ತನ್ನಿ. ದೀಪೇಶನಿಗೆ ನಾನು ಹೇಳ್ತೇನೆ."

ದುಗ್ಗಪ್ಪನವರು ಎದ್ದ ರಭಸಕ್ಕೆ ಹರಿವಾಣದ ನೀರು ಚೆಲ್ಲಿತು. ಸ್ಟೂಲು ಹತ್ತಿ ಬಾಗಿಲಿನ ತೆನೆ ಬಿಚ್ಚಿ ತಂದು ಸೆಟ್‌ಟಾಪ್ ಬಾಕ್ಸಿನ ಮೇಲೆ ಇಟ್ಟರು. ಅದರ ಮೇಲೆ ಒಂದು ರಟ್ಟಿನ ಡಬ್ಬಿ ಕವುಚಿ ಹಾಕಿ, ಇರುವೆ ನುಗ್ಗುವಷ್ಟು ಕಿಂಡಿ ಬಿಟ್ಟರು. ಲಯನೆಲ್ ರೂಟರಿನ ವಯರು ಕಳಚಿ, ಹರಿವಾಣ ಸಮೇತ ಅದನ್ನು ಟಿವಿಯ ಪಕ್ಕಕ್ಕೆ ತಂದ. ಇಲ್ಲಿಂದ ಅಲ್ಲಿಗೆ ದಾಟಲು ಮುದ್ದು ಗುಡಿಸುವ ಹಿಡಿಸೂಡಿಯಿಂದ ಒಂದು ಉದ್ದದ ಕಡ್ಡಿ ಎಳೆದು ಕೊಟ್ಟಳು.

ಸ್ವಲ್ಪ ಹೊತ್ತು ಏನೂ ಆಗಲಿಲ್ಲ. ಆಮೇಲೆ ಒಂದು ಇರುವೆ ಕಡ್ಡಿಯ ಮೇಲೆ ನಡೆದು ಹೋಗಿ, ಕಿಂಡಿಯೊಳಗೆ ನುಗ್ಗಿ, ಹಿಂದೆ ಬಂತು. ಅದು ಒಳಗೆ ಹೋಗಿ ಏನು ಹೇಳಿತೋ, ಐದು ನಿಮಿಷಕ್ಕೆ ಅರಸಿನ ಬಣ್ಣದ ಇಡೀ ದಿಬ್ಬಣ ಮೊಟ್ಟೆ ಹೊತ್ತು ಹೊರಟಿತು. ನಾಲ್ವರೂ ಗೋಳಿಬಜೆ ತಿನ್ನುತ್ತ ಕುಳಿತು ನೋಡಿದರು. ಟಿವಿಯಲ್ಲಿ ಯಾರದ್ದೋ ಮನೆ ಮುರಿಯುತ್ತಿತ್ತು, ಯಾರೂ ಅದರ ಕಡೆ ಗಮನ ಕೊಡಲಿಲ್ಲ.

"ಇರುವೆ ಕಚ್ಚಿದ್ರೆ ಅಮೆರಿಕದಲ್ಲಿ ನಂಬರ್ ಉಂಟಾ?" ಎಂದು ಕೇಳಿದರು ದುಗ್ಗಪ್ಪನವರು, ಕುತ್ತಿಗೆ ಕೆರೆಯುತ್ತ.

"ಉಂಟು ಮಾವ."

ಆರಕ್ಕೆ ಹತ್ತು ನಿಮಿಷ ಇರುವಾಗ ಲಯನೆಲ್ ಹಲಗೆಯನ್ನು ಒರೆಸಿ, ಮುಚ್ಚಳ ಹಾಕಿ, ವಯರು ಸಿಕ್ಕಿಸಿದ. ಹಸಿರು ದೀಪ ಹೊತ್ತಿತು. ಪ್ರಾಪ್ತಿ ಕೋಣೆಗೆ ಓಡಿ, ಬ್ಯಾಗನ್ನು ಕುರ್ಚಿಗೆ ತೂಗುಹಾಕಿ ಕೆಲಸಕ್ಕೆ ಕುಳಿತಳು. ಡಬ್ಬಿಯೊಳಗಿನ ಸಂಸಾರವನ್ನು ಹೊಳೆಬದಿಯ ಯಾವುದಾದರೂ ಮರದ ಬುಡಕ್ಕೆ ಬಿಟ್ಟು ಬರಲು ದುಗ್ಗಪ್ಪನವರು ಹೊರಟರು. ಈ ಸಲ ಡಬ್ಬಿಯನ್ನು ಕಂಕುಳಲ್ಲಿ ಇಟ್ಟುಕೊಳ್ಳದೆ, ಎರಡೂ ಕೈಯಲ್ಲಿ ಮೈಯಿಂದ ದೂರ ಹಿಡಿದುಕೊಂಡರು. ಕೆಳಗೆ ಗೇಟಿನ ಹತ್ತಿರ ಯಾರೋ ಅದೇನೆಂದು ಕೇಳಿದರು.

"ನಮ್ಮ ಸೊಸೆ ಒಂದು ತೆನೆ ಇಟ್ಟುಕೊಂಡಿದ್ದಾಳೆ, ಬ್ಯಾಗಿನಲ್ಲಿ," ಎಂದರು ದುಗ್ಗಪ್ಪನವರು. ಕೇಳಿದವನಿಗೆ ತಲೆಬುಡ ತಿಳಿಯಲಿಲ್ಲ. ಅವರು ಡಬ್ಬಿಯನ್ನು ನೆಲಕ್ಕಿಟ್ಟು, ಕಳೆದ ವರ್ಷದಿಂದ ಶುರುಮಾಡಿ ಎಲ್ಲವನ್ನೂ ಹೇಳಿದರು.